ಸತ್ತ ಟೋಪಿ, ಬದುಕಿದ ದೇಸಾಯರು

ಮುಧೋಳ ಕಡೆಯ ಒಂದು ಬಂದೂಕಿನ ದುಕಾನಿಗೆ ಹೊಸದಾಗಿ ಕೆಲಸಕ್ಕೆ ಸೇರಿದ ತರುಣನೊಬ್ಬ ಹೋದ ವರ್ಷ ನನ್ನ ಮನೆ ಹುಡುಕಿಕೊಂಡು ಬಂದ. ಚಹಾ ಕುಡಿದ. ಎರಡನೆಯ ಕಪ್ಪು ಚಹಾನೂ ಕುಡಿದ. ಆಮೇಲೆ ಮೆಲ್ಲಗೆ ಬಾಯಿ ಬಿಟ್ಟ.

"ಕಾಕಾ, ಖಾಲಿ ಕಾಡತೂಸಿಗೆ ಮತ್ತ ಟೋಪಿ ಹಾಕೂದೈತಲ್ರಿ, ಯಾವ ಟೋಪಿ ಹಾಕಬೇಕು ಅನ್ನೂದು ಹೆಂಗ ತಿಳೀತೈತ್ರಿ?"

"ನಿಮ್ಮ ದುಕಾನ್ಯಾಗ ಪುಸ್ತಕ ಇಲ್ಲೇನಪಾ?"

"ಐತ್ರಿ. ಸರಿಯಾದ ಟೋಪಿ ಆರಿಸಬೇಕು ಅಂತ ಬರದಾರ್ರಿ."

"ಮುಂದ?"

"ಮುಂದಿನ ಪುಟ ಹರದೈತ್ರಿ."

ಆ ಹರಿದ ಪುಟದ ಸಲುವಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಮಾಳಪ್ಪ. ನಮ್ಮ ಹಿರಿಯರು ಸಾವಳಗಿ ಕಡೆ ಕುರಿ ಕಾಯ್ದುಕೊಂಡಿದ್ದ ಬೀರೇಶ್ವರನ ಒಕ್ಕಲು. ಮನೆತನದಲ್ಲಿ ಕುರಿ ಬಿಟ್ಟು ಬಂದೂಕು ಹಿಡಿದವನು ನಾನೊಬ್ಬನೇ, ಅದೂ ಒರೆಸಲಿಕ್ಕೆ. ಜಮಖಂಡಿ ಪೇಟೆಯಲ್ಲಿ ದಸ್ತಗೀರ ಉಸ್ತಾದರ ಬಂದೂಕಿನ ದುಕಾನಿನಲ್ಲಿ ಜೀವಮಾನ ಕಳೆದೆ. ಬಡ್ತಿಯ ವಿಷಯ ಬರೆಯುವುದಿಲ್ಲ. ದುಕಾನಿನಲ್ಲಿ ಇದ್ದವರು ಇಬ್ಬರು, ಒಬ್ಬರು ಮಾಲಕರು, ಇನ್ನೊಬ್ಬ ನಾನು. ನನಗೆ ಬಡ್ತಿ ಸಿಗಬೇಕಾದರೆ ಉಸ್ತಾದರು ಸಾಯಬೇಕಿತ್ತು. ಅವರಿಗೆ ಅಂಥ ಅವಸರ ಏನೂ ಇರಲಿಲ್ಲ.

ಈ ಕೆಲಸ ನೋಡಲಿಕ್ಕೆ ಸಣ್ಣದು. ಟೋಪಿ ಎಂದರೆ ಕಾಡತೂಸಿನ ತಳಕ್ಕೆ ಒತ್ತುವ, ಅಂಗಿಯ ಗುಂಡಿಗಿಂತ ಚಿಕ್ಕದಾದ ತಾಮ್ರದ ಬಟ್ಟಲು. ಪಿಸ್ತೂಲಿನ ಕುದುರೆ ಎನ್ನುವ ಸಣ್ಣ ಸುತ್ತಿಗೆ ಅದನ್ನು ಬಡಿಯುತ್ತದೆ, ಒಳಗಿನ ಕಿಡಿ ಮದ್ದಿಗೆ ಹತ್ತುತ್ತದೆ, ಗುಂಡು ಹಾರುತ್ತದೆ. ಇಷ್ಟೇ. ಆದರೆ ಒಂದು ಸಲ ಬನ್ನಿಹಬ್ಬದ ದಿನ ಒಬ್ಬ ದೇಸಾಯರು ತಮ್ಮ ದಾಯಾದಿಯನ್ನು ಕೊಲ್ಲುತ್ತಾರೋ ಬಿಡುತ್ತಾರೋ ಎನ್ನುವುದು ನಾನು ಆರಿಸಿದ ಟೋಪಿಗಳ ಮೇಲೆ ನಿಂತಿತ್ತು. ಕೊಲೆ ಆಗದ ಹಾಗೆ ನೋಡಿಕೊಳ್ಳಿರಿ ಎಂದು ದೇಸಾಯರ ಹೆಂಡತಿಯೇ ಬಂದು ಕೈಮುಗಿದಿದ್ದರು. ಆ ಕಥೆಗೆ ಬರುತ್ತೇನೆ. ಅದಕ್ಕಿಂತ ಮೊದಲು ನಾನು ಟೋಪಿ ಆರಿಸುವುದನ್ನು ಕಲಿತದ್ದು ಹೇಗೆ ಎಂದು ಹೇಳದಿದ್ದರೆ, ಅಂಥ ಕೆಲಸವನ್ನು ನನ್ನಂಥವನ ಕೈಗೆ ಯಾಕೆ ಕೊಟ್ಟರು ಎಂದು ನೀವೇ ಕೇಳುತ್ತೀರಿ.

ಉಸ್ತಾದರು ಸಂಸ್ಥಾನದ ಕಾಲದಲ್ಲಿ ಶಿಲೇಖಾನೆಯಲ್ಲಿ ಆಯುಧ ನೋಡಿಕೊಂಡಿದ್ದವರು. ಸಂಸ್ಥಾನಗಳು ಮುಂಬೈ ರಾಜ್ಯದಲ್ಲಿ ಕೂಡಿಹೋದ ಮೇಲೆ ಲೈಸೆನ್ಸ್ ತೆಗೆದು ಸ್ವಂತ ದುಕಾನು ಹಾಕಿದರು. ಎಡಗಿವಿ ಪೂರ್ತಿ ಕಿವುಡು, ಬಲಗಿವಿ ಅರ್ಧ. ಅವರು ಗುಟ್ಟು ಹೇಳಿದರೆ ಪೇಟೆಯ ಆಚೆ ತುದಿಯ ಬಳೆಗಾರ "ಹೌದೇನ್ರಿ?" ಎನ್ನುತ್ತಿದ್ದ. ಆ ದಿನಗಳಲ್ಲಿ ವಿಲಾಯತಿಯ ಕಾಡತೂಸು ಬರುವುದು ಕಡಿಮೆಯಾಗಿತ್ತು. ಸರದಾರರು, ದೇಸಾಯರು, ಗೌಡರು ತಮ್ಮ ಹಳೆಯ ಪಿಸ್ತೂಲಿನ ಖಾಲಿ ಕಾಡತೂಸುಗಳನ್ನು ಚೀಲದಲ್ಲಿ ಕಟ್ಟಿಕೊಂಡು ಬಂದು, "ಮತ್ತ ತುಂಬಿಕೊಡ್ರಿ" ಎನ್ನುತ್ತಿದ್ದರು. ಅಡಕೊತ್ತಿನ ಹಾಗಿದ್ದ ಒಂದು ಸಾಧನದಿಂದ ಹಳೆಯ ಟೋಪಿ ತೆಗೆದು ಹೊಸದನ್ನು ಒತ್ತುತ್ತಿದ್ದೆವು.

ಮೊದಲ ಪಾಠ: ಟೋಪಿಯಲ್ಲಿ ಸಣ್ಣದು, ದೊಡ್ಡದು ಎಂದು ಎರಡಿವೆ. ಸಣ್ಣದರ ಮನೆಗೆ, ಅಂದರೆ ಕಾಡತೂಸಿನ ತಳದ ಕುಳಿಗೆ, ದೊಡ್ಡದು ಹೋಗುವುದಿಲ್ಲ. ದೊಡ್ಡದರ ಮನೆಗೆ ಸಣ್ಣದನ್ನು ಹಾಕಿದರೆ ಉದುರಿಬೀಳುತ್ತದೆ. ಇದನ್ನು ನಾನು ಕಲಿತ ವರ್ಷವೇ ನಮ್ಮಲ್ಲಿ ಸಣ್ಣ ಟೋಪಿ ತೀರಿಹೋದವು. ಉಸ್ತಾದರು ಪುಣೆಯ ವ್ಯಾಪಾರಿಗೆ ಮರಾಠಿಯಲ್ಲಿ ಪತ್ರ ಬರೆಸಿದರು: "ಸಣ್ಣ ಟೋಪಿ ಒಂದು ಪೆಟ್ಟಿಗೆ ತಾಬಡತೋಬ ಕಳಿಸಿರಿ." ಕುಡಚಿ ಸ್ಟೇಷನ್ನಿಗೆ ಬಂದಿಳಿದ ಪೆಟ್ಟಿಗೆ ನೋಡಿ ನನಗೆ ಗಾಬರಿ. ಟೋಪಿಯ ಪೆಟ್ಟಿಗೆ ಅಂಗೈಯಲ್ಲಿ ಹಿಡಿಸಬೇಕು. ಇದನ್ನು ಇಬ್ಬರು ಹಮಾಲರು ಬಸ್ಸಿನ ಮೇಲೆ ಏರಿಸಿದರು.

ದುಕಾನಿನಲ್ಲಿ ಬಿಚ್ಚಿದೆವು. ಒಳಗೆ ಬಿಳಿ ಖಾದಿ ಟೋಪಿ, ಎಲ್ಲ ಮಕ್ಕಳ ಅಳತೆಯವು. ಪುಣೆಯಲ್ಲಿ ಅದೇ ಅಡ್ಡಹೆಸರಿನ ಬಟ್ಟೆ ವ್ಯಾಪಾರಿಯ ಕೈಗೆ ಪತ್ರ ಸಿಕ್ಕಿತ್ತು. ಸಂಸ್ಥಾನ ಹೋಗಿ ಸ್ವರಾಜ್ಯ ಬಂದ ಹೊಸತು, ಊರೂರಿನಿಂದ ಅವನಿಗೆ ಟೋಪಿಗೆ ಬೇಡಿಕೆ. ಜಮಖಂಡಿಯವರೂ ದೇಶಭಕ್ತರಾದರು ಎಂದುಕೊಂಡು ಕಳಿಸಿಬಿಟ್ಟಿದ್ದ.

ಉಸ್ತಾದರು ಒಂದನ್ನು ತಮ್ಮ ತಲೆಯ ಮೇಲೆ ಇಟ್ಟುಕೊಂಡರು. ಅದು ನೆತ್ತಿಯ ಮೇಲೆ ದೋಣಿಯ ಹಾಗೆ ಕೂತಿತು.

"ಮಾಳ್ಯಾ, ಇದನ್ನ ಯಾವ ಕಾಡತೂಸಿಗೆ ಹಾಕೂದಲೇ?"

"ತೋಫಿಗೆ ಹಾಕಬೇಕ್ರಿ ಉಸ್ತಾದ."

ತಲೆಗೆ ಒಂದು ಏಟು ಬಿತ್ತು. ಆದರೂ ಟೋಪಿ ದಂಡವಾಗಲಿಲ್ಲ. ಝಂಡಾ ಏರಿಸುವ ದಿನ ಹತ್ತಿರ ಬಂದಿತ್ತು. ಗಂಟು ಹೊತ್ತು ರಬಕವಿ-ಬನಹಟ್ಟಿಯ ಸಾಲಿಗಳ ಮುಂದೆ, ಮಕ್ಕಳು ಪಾಠ ಬಿಟ್ಟು ಬರುವ ಹೊತ್ತಿಗೆ ಕೂತೆ. ಒಂದೂ ಉಳಿಯಲಿಲ್ಲ. ಬನಹಟ್ಟಿಯ ನೇಕಾರ ಮುದುಕನೊಬ್ಬ ಮಗ್ಗ ಬಿಟ್ಟು ಎದ್ದುಬಂದು ನೋಡಿ, "ಬಟ್ಟಿ ನೇಯವರು ನಾವು, ಮಂದಿಗೆ ಟೋಪಿ ಹಾಕವರು ನೀವು" ಎಂದು ಹೇಳಿ ಮತ್ತೆ ಮಗ್ಗಕ್ಕೆ ಹೋದ. ಓಣಿಯವರೆಲ್ಲ ನಕ್ಕರು. ನಾನೂ ನಗಬೇಕಾಯಿತು.

ಎರಡನೆಯ ಪಾಠ ಕಲಿಸಿದ್ದು ಒಂದು ನಾಯಿ. ಅಳತೆ ಸರಿ ಇದ್ದರೆ ಸಾಲದು. ದೊಡ್ಡ ರೈಫಲ್ಲಿನ ಟೋಪಿಯ ತಗಡು ದಪ್ಪ, ಪಿಸ್ತೂಲಿನದು ತೆಳು. ಪಿಸ್ತೂಲಿನ ಕುದುರೆಗೆ ರೈಫಲ್ಲಿನಷ್ಟು ಕಸುವು ಇರುವುದಿಲ್ಲ. ಒಂದು ಸಲ ಪಿಸ್ತೂಲಿನ ಟೋಪಿ ಇರಲಿಲ್ಲ ಎಂದು ಅದೇ ಅಳತೆಯ ರೈಫಲ್ ಟೋಪಿ ಒತ್ತಿ ಮುಧೋಳದ ಸರದಾರರೊಬ್ಬರಿಗೆ ಕೊಟ್ಟೆವು. ಅವರಲ್ಲಿ ಮೋತಿ ಎಂಬ ಬೇಟೆನಾಯಿ ಇತ್ತು. ಮುಧೋಳದ ನಾಯಿ, ಸೊಂಟ ಒಂದು ಹಿಡಿ, ಓಡಿದರೆ ಗಾಳಿ. ಪಿಸ್ತೂಲಿನ ಸಪ್ಪಳ ಕೇಳಿದ ಕೂಡಲೇ ಮೊಲದ ಬೆನ್ನು ಹತ್ತುವಂತೆ ಅದನ್ನು ಕಲಿಸಿದ್ದರು.

ಎರಡು ದಿನದಲ್ಲಿ ಸರದಾರರು ನಾಯಿಯನ್ನು ಕರೆದುಕೊಂಡೇ ದುಕಾನಿಗೆ ಬಂದರು.

"ಉಸ್ತಾದ, ಮೊಲ ಎದುರಿಗೆ. ನಾ ಕುದರಿ ಎಳದೆ, ಟಿಕ್. ಮತ್ತ ಎಳದೆ, ಟಿಕ್. ಈ ಮೋತಿ ಹೊಳ್ಳಿ ನನ್ನ ಮಾರಿ ನೋಡ್ತು. ಮೂರನೇ ಟಿಕ್ಕಿಗೆ ಆಕಳಿಸ್ತು. ಆಮ್ಯಾಲೆ ಕುಂತಬಿಡ್ತು. ಮೊಲ ಸುದ್ದಾ ನಿಂತು ನೋಡಿ ಹೋತು. ನನ್ನ ಮಾತು ಖರೆ ಅನಸದಿದ್ರ ಇದನ್ನ ಕೇಳ್ರಿ!"

ಉಸ್ತಾದರು ಒಂದು ಕಾಡತೂಸು ತೆಗೆದು ನೋಡಿದರು, ತಪ್ಪು ಗೊತ್ತಾಯಿತು. ಸರದಾರರ ಕಡೆ ನೋಡಲಿಲ್ಲ. ಬಗ್ಗಿ ನಾಯಿಗೆ ಸಲಾಮು ಹೊಡೆದು, "ಮಾಫ್ ಮಾಡಪಾ ಮೋತಿ" ಎಂದು ಒಂದು ಬಿಸ್ಕೀಟು ಕೊಟ್ಟರು. ಮೋತಿ ಬಿಸ್ಕೀಟು ಮೂಸಿ ನೋಡಿ ಮುಖ ತಿರುಗಿಸಿತು. ಟೋಪಿಯ ಪೆಟ್ಟಿಗೆಯ ಮೇಲೆ ಪಿಸ್ತೂಲಿನದು ಎಂದು ಬರೆದಿರದಿದ್ದರೆ ಅದನ್ನು ಮುಟ್ಟಬಾರದು ಎಂದು ಅವತ್ತು ಕಲಿತೆ.

ಮೂರನೆಯದು ಬೀಳಗಿ ಕಡೆಯ ಗೌಡರದು. ಅವರ ಶೇಂಗಾ ಹೊಲಕ್ಕೆ ಮಂಗ್ಯಾ ಬರುತ್ತಿದ್ದವು. ನಾನು ಅವಸರದಲ್ಲಿ ಟೋಪಿಗಳನ್ನು ಪೂರ್ತಿ ಒಳಗೆ ಒತ್ತದೆ ತುಸು ಮೇಲೆ ಬಿಟ್ಟಿದ್ದೆ. ಟೋಪಿ ಕೂದಲೆಳೆಯಷ್ಟು ಮೇಲೆ ನಿಂತರೂ ಆರು ಗುಂಡಿನ ಚಕ್ರ ತಿರುಗದೆ ಸಿಕ್ಕಿಬೀಳುತ್ತದೆ. ಗೌಡರು ಮೊದಲ ಗುಂಡು ಆಕಾಶಕ್ಕೆ ಹಾರಿಸಿದರು, ಮಂಗ್ಯಾ ಓಡಿದವು. ಚಕ್ರ ತಿರುಗಲಿಲ್ಲ. ಮಂಗ್ಯಾ ಗಿಡದ ಮೇಲೆ ಕೂತು ನೋಡಿದವು, ಗೌಡರು ಪಿಸ್ತೂಲನ್ನು ತೊಡೆಗೆ ಬಡಿಯುವುದನ್ನು ಕಂಡವು, ಇಳಿದು ಬಂದು ಅವರ ಎದುರಿಗೇ ಶೇಂಗಾ ಸುಲಿದು ತಿಂದವು. ಅಂದಿನಿಂದ ಇಂದಿನವರೆಗೆ ನಾನು ಒತ್ತಿದ ಪ್ರತಿ ಟೋಪಿಯ ಮೇಲೆ ಬೆರಳು ಆಡಿಸಿ ನೋಡದೆ ಬಿಟ್ಟಿಲ್ಲ. ಮುಂದೆ ದೊಡ್ಡ ಯಂತ್ರ ಬಂತು, ಹಿಡಿಕೆ ಎಳೆದರೆ ತಾನೇ ಒತ್ತುತ್ತದೆ. ಆದರೂ ಬೆರಳು ಆಡಿಸಿರಿ. ಯಂತ್ರಕ್ಕೆ ಮಂಗ್ಯಾನ ಭಯ ಇರುವುದಿಲ್ಲ.

ನಾಲ್ಕನೆಯದು ಪೂರ್ತಿ ನನ್ನದೇ ಪರಾಕ್ರಮ. ನಮ್ಮ ಕಡೆ ಖಂಡೇನವಮಿಗೆ ಕುಡಗೋಲು, ತಕ್ಕಡಿಯಿಂದ ಹಿಡಿದು ಎಲ್ಲದಕ್ಕೂ ಪೂಜೆ. ಉಸ್ತಾದರು ಮುಸಲ್ಮಾನರಾದರೂ ದುಕಾನಿನಲ್ಲಿ ಖಂಡೇಪೂಜೆ ತಪ್ಪಿಸುತ್ತಿರಲಿಲ್ಲ. ಪೂಜೆಯ ಜವಾಬ್ದಾರಿ ನನ್ನದು. ಬಂದೂಕಿಗೆ ಕುಂಕುಮ ಹಚ್ಚಿದೆ, ಸಾಧನಕ್ಕೆ ಹಚ್ಚಿದೆ. ಆಮೇಲೆ ಟೋಪಿಯ ಡಬ್ಬಿ ನೋಡಿ ಮನಸ್ಸು ಕರಗಿತು. ಇಷ್ಟೆಲ್ಲ ಕೆಲಸ ಮಾಡುವುದು ಇವು, ಇವನ್ನೇ ಬಿಟ್ಟರೆ ಹೇಗೆ? ಮುಚ್ಚಳ ತೆಗೆದು, ಬೀರೇಶ್ವರನ ಭಂಡಾರದ ಅರಿಶಿನ ಉದುರಿಸಿ, ಮೇಲೆ ಶೇಂಗಾ ಎಣ್ಣೆಯನ್ನು ಧಾರೆಯಾಗಿ ಬಿಟ್ಟೆ.

ಟೋಪಿಯ ಮೊದಲ ವೈರಿ ಎಣ್ಣೆ. ಎಣ್ಣೆ ಬೆರಳಿನಿಂದ ಮುಟ್ಟಲಿಕ್ಕೂ ಬಾರದು. ನಾನು ಅಭಿಷೇಕವನ್ನೇ ಮಾಡಿದ್ದೆ. ಆ ಡಬ್ಬಿಯಿಂದ ತುಂಬಿದ ಗುಂಡು ಹಾರಲಿಲ್ಲ ಎಂದು ನಾಲ್ಕೂ ಕಡೆಯಿಂದ ವಾಪಸು ಬಂದವು. ಉಸ್ತಾದರು ಡಬ್ಬಿ ಮೂಸಿ ನೋಡಿ, "ಅರೇ, ಇದಕ ಉಪ್ಪು-ಖಾರ ಒಂದ ಕಡಿಮಿ ಐತಿ" ಎಂದರು. ಕುರುಬರ ಮಾಳ್ಯಾ ಟೋಪಿಗೆ ಒಗ್ಗರಣೆ ಹಾಕಿದ ಸುದ್ದಿ ತಾಲೂಕು ತುಂಬ ಹರಡಿತು. ಸಂತೆಗೆ ಹೋದರೆ ಎಣ್ಣೆ ಮಾರುವವನು, "ಬಂದೂಕಿಗೋ ಬದನಿಕಾಯಿಗೋ?" ಎಂದು ಕೇಳುತ್ತಿದ್ದ.

ಈ ಸುದ್ದಿ ಕೇಳಿಯೇ ನಾನು ಮೊದಲು ಹೇಳಿದ ದೇಸಾಯರ ಹೆಂಡತಿ, ಅಕ್ಕಾಸಾಹೇಬರು, ನಮ್ಮ ದುಕಾನಿಗೆ ಬಂದದ್ದು.

ಹಿಪ್ಪರಗಿಗೆ ಹೋಗುವ ದಾರಿಯಲ್ಲಿ ಹೊಳೆದಂಡೆಯ ಒಂದು ಊರು. ಹೆಸರು ಬೇಡ, ಅವರ ಮೊಮ್ಮಕ್ಕಳು ನನಗೆ ಇನ್ನೂ ನಮಸ್ಕಾರ ಮಾಡುತ್ತಾರೆ. ಆ ಊರಲ್ಲಿ ಮೇಲಿನ ವಾಡೆ, ಕೆಳಗಿನ ವಾಡೆ ಎಂದು ದೇಸಾಯರ ಎರಡು ಮನೆ. ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳು. ಬನ್ನಿಹಬ್ಬದ ದಿನ ಮೇಲಿನ ವಾಡೆಯವರು ಆಕಾಶಕ್ಕೆ ಒಂದು ಗುಂಡು ಹಾರಿಸಿ, ಮೊದಲು ಬನ್ನಿ ಗಿಡ ಮುಟ್ಟಬೇಕು. ಆಮೇಲೆ ಕೆಳಗಿನವರು, ಆಮೇಲೆ ಊರು. ಇದು ಸಂಸ್ಥಾನದ ಕಾಲದ ಮಾನ. ಸಂಸ್ಥಾನ ಹೋದ ಮೇಲೆ ಕೆಳಗಿನ ವಾಡೆಯ ದೇಸಾಯರು, "ಈಗ ಪ್ರಜಾರಾಜ್ಯ. ಯಾರ ಕೈ ಮೊದಲು ಮುಟ್ಟತೈತಿ ಅವರದ ಬನ್ನಿ" ಎಂದುಬಿಟ್ಟರು. ಮೇಲಿನ ದೇಸಾಯರು ಊರ ಚಾವಡಿಯಲ್ಲಿ ನಿಂತು, "ಅವನ ಕೈ ಬನ್ನಿಗೆ ಮುಟ್ಟೂದ್ರಾಗ ನನ್ನ ಗುಂಡು ಅವನ ಎದಿಗೆ ಮುಟ್ಟತೈತಿ" ಎಂದು ಹೇಳಿದರು. ಅವರು ಆಡಿದರೆ ಮಾಡುವವರು. ಸಿಟ್ಟು ಬಂದಾಗ ಸ್ವಂತ ವಾಡೆಯ ಗಡಿಯಾರಕ್ಕೆ ಗುಂಡು ಹಾಕಿದ ಮನುಷ್ಯ.

ಅಕ್ಕಾಸಾಹೇಬರು ಅವರ ಹೆಂಡತಿ. ಸೆರಗು ಹೊದ್ದುಕೊಂಡು, ಬಂಡಿಯನ್ನು ದೂರ ನಿಲ್ಲಿಸಿ ಬಂದಿದ್ದರು. ಮೆಲ್ಲಗೆ ಹೇಳಿದರು.

"ಉಸ್ತಾದ, ಈ ಸಲದ ಬನ್ನಿಗೆ ಅವರ ಗುಂಡು ನೀವ ತುಂಬವರಲ್ರಿ. ಮೊದಲನೇದು ಹಾರಬೇಕ್ರಿ, ಅದು ಹಾರದಿದ್ರ ಅವರ ಮಾನ ಹೋಕ್ಕೈತಿ. ಉಳದ ಐದು ಹಾರಬಾರದ್ರಿ. ಹಾರಿದ್ರ ನನ್ನ ವಾರಗಿತ್ತಿ ವಿಧವಿ ಆಕ್ಕಾಳ, ನನ್ನ ಗಂಡ ಗಲ್ಲಿಗೆ ಹೋಕ್ಕಾರ. ಈ ಮಾಳಪ್ಪ ಪೂಜಿ ಮಾಡಿದ ಟೋಪಿ ಇದ್ರ ಅವನ್ನ ಹಾಕಿಬಿಡ್ರಿ."

"ಏನು? ಟೋಪಿ ಸಾಯಬೇಕಾ?" ಎಂದು ಉಸ್ತಾದರು ಪೇಟೆಗೆಲ್ಲ ಕೇಳುವಂತೆ ಒದರಿದರು. ಅಕ್ಕಾಸಾಹೇಬರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಹೊರಗೆ ಹೋಗಿ ಬಳೆಗಾರನಿಗೆ, "ಸಾಲಿ ಟೋಪಿ ಮಾತು" ಎಂದು ಹೇಳಿ ಬಂದೆ.

ಮದ್ದಿನ ಬದಲು ರವೆ ತುಂಬಿದರೆ ಆಗದೇ ಎಂದು ನಾನು ಕೇಳಿದೆ. ಆಗುತ್ತಿರಲಿಲ್ಲ. ಮೇಲಿನ ದೇಸಾಯರು ಸಂಶಯದ ಮನುಷ್ಯ. ಪ್ರತಿ ಸಲ ಯಾವುದೋ ಒಂದು ಕಾಡತೂಸು ಆರಿಸಿ ತಮ್ಮ ಎದುರಿಗೇ ಬಿಚ್ಚಿಸಿ, ಮದ್ದನ್ನು ತಾಟಿನಲ್ಲಿ ಸುರಿದು ಕಡ್ಡಿ ಗೀರಿ ನೋಡುತ್ತಿದ್ದರು. ಒಮ್ಮೆ ಹಾರಿದ ಹಳೆಯ ಟೋಪಿ ಮತ್ತೆ ಹಾಕೋಣವೆಂದರೆ ಅದರ ಮೇಲೆ ಏಟಿನ ಕುಳಿ ಕಾಣುತ್ತದೆ. ನೋಡಲಿಕ್ಕೆ ಹೊಚ್ಚ ಹೊಸದಾಗಿರಬೇಕು, ಒಳಗೆ ಸತ್ತಿರಬೇಕು. ಎಣ್ಣೆಯೇ ಗತಿ.

ಜೀವಮಾನ ಪೂರ್ತಿ ಹಾರುವ ಟೋಪಿ ಆರಿಸಿದ ಉಸ್ತಾದರು ಹಾರದ ಟೋಪಿ ಆರಿಸಲಿಕ್ಕೆ ಕೂತರು. ಒಂದು ಮುಚ್ಚಳದಲ್ಲಿ ಟೋಪಿ ಹರವಿ ಶೇಂಗಾ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟೆವು. ಮರುದಿನ ಒರೆಸಿ ಬಿಸಿಲಿಗೆ ಇಟ್ಟೆವು. ಎರಡನ್ನು ಬಡಿದು ನೋಡಿದೆವು. ಎರಡೂ ಮೂಕ.

"ಇನ್ನಾ ಲಿಲ್ಲಾಹಿ" ಎಂದು ಉಸ್ತಾದರು ಸತ್ತವರಿಗೆ ಹೇಳುವ ಮಾತು ಹೇಳಿದರು. ಐದು ಕಾಡತೂಸಿಗೆ ಸತ್ತ ಟೋಪಿ, ಒಂದಕ್ಕೆ ಬದುಕಿದ ಟೋಪಿ ಒತ್ತಿದೆ. ಈಗ ಇನ್ನೊಂದು ಸಂಕಟ. ಆರೂ ನೋಡಲಿಕ್ಕೆ ಒಂದೇ. ಚಕ್ರದಲ್ಲಿ ಮೊದಲು ಯಾವುದು ಬರಬೇಕು ಎಂದು ದೇಸಾಯರಿಗೆ ಹೇಳುವುದು ಹೇಗೆ? ಉಪಾಯ ನನಗೇ ಹೊಳೆಯಿತು. ಬದುಕಿದ್ದರ ತಳಕ್ಕೆ ಕುಂಕುಮ ಹಚ್ಚಿ ಕೊಟ್ಟೆ. "ಧಣ್ಯಾರ, ಇದು ಪೂಜಿ ಮಾಡಿದ ಗುಂಡ್ರಿ. ಬನ್ನಿ ಮುಂದ ಇದ ಮೊದಲು ಹಾರಬೇಕ್ರಿ" ಎಂದೆ. ದೇಸಾಯರಿಗೆ ಭಾರಿ ಖುಷಿಯಾಯಿತು. ಒಂದನ್ನು ಬಿಚ್ಚಿಸಿ ಮದ್ದು ಸುಟ್ಟು ನೋಡಿದರು. ಭುಗ್ ಎಂದಿತು. ಅದನ್ನು ಮತ್ತೆ ತುಂಬಿಸಿಕೊಂಡು, "ಹಬ್ಬಕ್ಕ ಇಬ್ಬರೂ ಬರ್ರಿ" ಎಂದು ಹೇಳಿ ಹೋದರು.

ಬನ್ನಿಹಬ್ಬದ ಸಂಜೆ ಹೋದೆವು. ಊರ ಹೊರಗೆ ಬನ್ನಿಕಟ್ಟೆಯ ಸುತ್ತ ರುಮಾಲಿನ ಜಾತ್ರೆಯೇ ನೆರೆದಿತ್ತು. ಹಲಗಿಯವರು ಕೋಲು ಎತ್ತಿ ಗುಂಡಿನ ಸಪ್ಪಳಕ್ಕೆ ಕಾದಿದ್ದರು. ಕೆಳಗಿನ ದೇಸಾಯರು ಸೊಂಟಕ್ಕೆ ತಮ್ಮ ಪಿಸ್ತೂಲು ಸಿಗಿಸಿಕೊಂಡು ಗಿಡದ ಹತ್ತಿರವೇ ನಿಂತಿದ್ದರು. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಅಕ್ಕಾಸಾಹೇಬರು ನನ್ನ ಹತ್ತಿರ ಬಂದರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಮಾಳಪ್ಪಾ, ಕೆಟ್ಟಿತಪಾ. ನಿನ್ನಿ ಖಂಡೇಪೂಜಿ ಮಾಡೂವಾಗ ಅವರು, ದೇವರ ಮುಂದ ಎಲ್ಲಾ ಗುಂಡೂ ಒಂದ, ಭೇದ ಮಾಡಬಾರದು ಅಂತ ಆರಕ್ಕೂ ಕುಂಕುಮ ಹಚ್ಯಾರ!"

ಬದುಕಿದ್ದು ಯಾವುದು ಎಂದು ಈಗ ದೇವರಿಗೂ ಗೊತ್ತಿಲ್ಲ. ಮೊದಲನೆಯದಾಗಿದ್ದರೆ ಮಾನ ಉಳಿಯಿತು. ಮೂರನೆಯದೋ ನಾಲ್ಕನೆಯದೋ ಆಗಿದ್ದರೆ ಒಂದು ಹೆಣ ಬೀಳುತ್ತದೆ. ಉಸ್ತಾದರ ಬಲಗಿವಿಯಲ್ಲಿ ಹೇಳಿದೆ. ಅವರು ಮೊದಲ ಸಲ ಮೆಲ್ಲಗೆ ಮಾತಾಡಿದ್ದನ್ನು ಕೇಳಿದೆ: "ಯಾ ಅಲ್ಲಾ."

ಮೇಲಿನ ದೇಸಾಯರು ಕಟ್ಟೆ ಹತ್ತಿ ಕೈ ಎತ್ತಿದರು. ಊರು ಉಸಿರು ಹಿಡಿಯಿತು.

ಟಿಕ್.

ಹಲಗಿಯವರು ಒಬ್ಬರ ಮುಖ ಒಬ್ಬರು ನೋಡಿದರು. ದೇಸಾಯರು ಮತ್ತೆ ಎಳೆದರು. ಟಿಕ್. ದೂರ ಅಗಸರ ಕತ್ತೆಯೊಂದು ಒದರಿತು. ಯಾರೋ ಕಿಸಕ್ಕನೆ ನಕ್ಕರು.

"ಅಣ್ಣಾ, ಗುಂಡು ಹಾರಸಾಕತ್ತಿಯೋ, ಅಡಕಿ ಕತ್ತರಸಾಕತ್ತಿಯೋ?" ಎಂದು ಹೇಳಿ ಕೆಳಗಿನ ದೇಸಾಯರು ಬನ್ನಿ ಗಿಡಕ್ಕೆ ಕೈ ಚಾಚಿದರು.

ಮೇಲಿನವರ ಪಿಸ್ತೂಲು ಆಕಾಶದಿಂದ ಇಳಿದು ನೇರ ಅವರ ಎದೆಗೆ ಬಂತು. ಕೆಳಗಿನವರೂ ಸೊಂಟದಿಂದ ಎಳೆದು ಗುರಿ ಹಿಡಿದರು. ಮಂದಿ ಚೀರಿ ನೆಲಕ್ಕೆ ಬಿದ್ದರು. ನಾನು ಕಣ್ಣು ಮುಚ್ಚಿ ಬೀರೇಶ್ವರನಿಗೆ ಒಂದು ಕುರಿ ಹರಕೆ ಹೊತ್ತೆ, ಧೈರ್ಯ ಸಾಲದೆ ಎರಡು ಮಾಡಿದೆ. ಕಿವಿಗೆ ಕೇಳಿಸಿದ್ದು ಟಿಕ್, ಟಿಕ್, ಟಿಕ್, ಟಿಕ್. ಇಬ್ಬರೂ ಎಳೆಯುತ್ತಿದ್ದರು, ಎರಡೂ ಹಾರುತ್ತಿರಲಿಲ್ಲ. ಬನಹಟ್ಟಿಯ ಓಣಿಯಲ್ಲಿ ಎದುರುಬದುರು ಎರಡು ಮಗ್ಗ ನಡೆದಂತಿತ್ತು.

ಕಣ್ಣು ತೆರೆದರೆ ಉಸ್ತಾದರು ಇಬ್ಬರ ನಡುವೆ ನಿಂತಿದ್ದಾರೆ. ಅವರಿಗೆ ಸಿಟ್ಟು ಬಂದಿತ್ತು, ನಿಜವಾದ ಸಿಟ್ಟು.

"ಏನ್ ಮಾಡಾಕತ್ತೀರಿ! ಹಿಂಗ ಒಂದ ಸವನ ಎಳದ್ರ ಕುದರಿ ಮುರಿತೈತಿ! ವಿಲಾಯತಿ ಪಿಸ್ತೂಲು ಇವು, ನಿಮ್ಮ ಅಜ್ಜಾರು ಮಕ್ಕಳಂಗ ಸಾಕ್ಯಾರ! ಮನಷ್ಯಾರ ಬೇಕಾದಂಗ ಸಿಗತಾರ, ಇದರ ಕುದರಿ ಎಲ್ಲೆ ಸಿಗತೈತಿ? ತರ್ರಿ ಇಲ್ಲೆ!"

ಇಬ್ಬರು ದೇಸಾಯರೂ ಸಾಲಿಯ ಹುಡುಗರ ಹಾಗೆ ಪಿಸ್ತೂಲು ಅವರ ಕೈಗೆ ಕೊಟ್ಟರು. ಜೀವ ಹೋಗುವ ಮಾತು ಹೇಳಿದ್ದರೆ ಕೇಳುತ್ತಿರಲಿಲ್ಲ, ಪಿಸ್ತೂಲು ಕೆಡುತ್ತದೆ ಎಂದದ್ದಕ್ಕೆ ಅಂಜಿದರು. ಈ ಗದ್ದಲದಲ್ಲಿ ಇಬ್ಬರ ಹೆಂಡಂದಿರೂ ಬನ್ನಿ ಕಿತ್ತುಕೊಂಡು ಬಂದಿದ್ದರು. ಯಾರು ಮೊದಲು ಮುಟ್ಟಿದರು ಎಂದು ಯಾರೂ ನೋಡಿರಲಿಲ್ಲ. ಗಂಡಂದಿರ ಕೈಗೆ ಬನ್ನಿ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣ ಅನ್ರಿ" ಎಂದರು. ಗಂಡಂದಿರು ಅಂದರು. ಹಲಗಿಯವರು ಬಾರಿಸಿದರು.

ದಾರಿಯಲ್ಲಿ ನಾನು ಕೇಳಿದೆ, "ಉಸ್ತಾದ, ಕೆಳಗಿನವರದು ಯಾಕ ಹಾರಲಿಲ್ಲರಿ?"

"ಹಬ್ಬದ ಮುಂದ ನೀ ಮತ್ತ ಬನಹಟ್ಟಿಗೆ ಹೋದಾಗ ಕೆಳಗಿನ ದೇಸಾಯರ ಹೇಣ್ತಿನೂ ಇದನ್ನ ಕೇಳಾಕ ಬಂದಿದ್ಲೋ. ಆಕಿ ಗಂಡಂದು ಆರೂ ಸತ್ತ ಟೋಪಿನ" ಎಂದರು. ಇಬ್ಬರೂ ನಕ್ಕು ನಕ್ಕು ರಸ್ತೆಯ ಬದಿಗೆ ಕೂತೆವು.

ಮರುದಿನ ಆ ಪಿಸ್ತೂಲುಗಳನ್ನು ಬಿಚ್ಚಿದೆವು. ಎರಡರಲ್ಲೂ ಕುದುರೆಯ ಮೂಗು ಹಾಯುವ ತೂತಿನ ತುಂಬ ಖಂಡೇಪೂಜೆಯ ಎಣ್ಣೆ, ಕುಂಕುಮ ಮೆತ್ತಿ ಗಟ್ಟಿಯಾಗಿತ್ತು; ಮೂಗು ಟೋಪಿಗೆ ತಾಕಿರಲೇ ಇಲ್ಲ. ಉಸ್ತಾದರ ನಗು ನಿಂತಿತು. ತೂತನ್ನು ಕೆದರಿ ಸ್ವಚ್ಛ ಮಾಡಿ, ಅದೇ ಗುಂಡುಗಳನ್ನು ತೆಗೆದುಕೊಂಡು ಊರ ಹೊರಗಿನ ಕಲ್ಲಿನ ಖಣಿಗೆ ಹೋದೆವು. ಉಸ್ತಾದರು ಮಣ್ಣಿನ ದಿಬ್ಬಕ್ಕೆ ಗುರಿ ಹಿಡಿದು ಎಳೆದರು.

ಢಂ. ಢಂ. ಢಂ.

ಒಂದೂ ಬಿಡದೆ ಹಾರಿದವು. ಎಣ್ಣೆಯಲ್ಲಿ ಸತ್ತವು ಬಿಸಿಲಲ್ಲಿ ಒಣಗಿ ಎದ್ದು ಕೂತಿದ್ದವೋ, ಮೊದಲಿಗೇ ಸತ್ತಿರಲಿಲ್ಲವೋ, ಇವತ್ತಿಗೂ ನನಗೆ ತಿಳಿದಿಲ್ಲ. ಬಡಿದು ನೋಡಿದ ಎರಡೇ ಸತ್ತಿದ್ದವು. ಆ ಖಣಿಯಲ್ಲಿ ಆದಷ್ಟು ಹೆದರಿಕೆ ನನಗೆ ಬನ್ನಿಕಟ್ಟೆಯ ಹತ್ತಿರವೂ ಆಗಿರಲಿಲ್ಲ. ತಮ್ಮಾ, ಹರಿದ ಪುಟದಲ್ಲಿ ಬೇರೇನಿತ್ತೋ ಗೊತ್ತಿಲ್ಲ, ಇದನ್ನು ಬರೆದುಕೋ: ಹಾರದ ಟೋಪಿ ಸತ್ತದ್ದೆಂದು ಯಾವತ್ತೂ ನಂಬಬೇಡ.

ವಾರದಲ್ಲಿ ಅಕ್ಕಾಸಾಹೇಬರು ಹೋಳಿಗೆ ಕಟ್ಟಿಕೊಂಡು ಬಂದರು. ಅವರ ಮುಂದೆ ಉಸ್ತಾದರಿಗೆ ಸುಳ್ಳು ಬರಲಿಲ್ಲ. ನಡೆದದ್ದನ್ನೆಲ್ಲ ಹೇಳಿದರು, ಬಾಗಿಲು ಮುಚ್ಚಿಕೊಂಡು. ಅಕ್ಕಾಸಾಹೇಬರು ಕಣ್ಣು ಒರೆಸಿಕೊಂಡರು. ಆಮೇಲೆ ಅಂದರು:

"ಈ ಮಾತು ಅವರ ಕಿವಿಗೆ ಹಾಕಬ್ಯಾಡ್ರಿ. ನಮ್ಮವರು, ನಾನ ಕೈ ಸಡಲ ಬಿಟ್ಟೆ, ತಮ್ಮಗ ಜೀವದಾನ ಮಾಡೀನಿ ಅಂತ ಊರತುಂಬ ಹೇಳಾಕತ್ತಾರ. ಕೆಳಗಿನವರೂ ಹಂಗ ಹೇಳಾಕತ್ತಾರ, ಅಣ್ಣಗ ಜೀವದಾನ ಮಾಡೀನಿ ಅಂತ. ಜೀವಾ ಕೊಟ್ಟವರು ಅಂದಮ್ಯಾಲೆ ಇಬ್ಬರೂ ಭಾಳ ಮರ್ಯಾದಿಲೆ ಅದಾರ್ರಿ. ದಿನಾ ಕೂಡಿ ಚಹಾ ಕುಡ್ಯಾಕತ್ತಾರ."

ಉಸ್ತಾದರು ಆಗಲಿ ಎಂದು ತಲೆ ಅಲ್ಲಾಡಿಸಿದರು. ಆದರೆ ಪಿಸ್ತೂಲುಗಳನ್ನು ವಾಪಸು ಕೊಡಲಿಲ್ಲ. ಎರಡರ ಸ್ಪ್ರಿಂಗೂ ಹೋಗಿವೆ, ಮುಂಬೈಗೆ ಬರೆದಿದ್ದೇವೆ, ಬಂದ ಕೂಡಲೇ ಹಾಕಿ ಕೊಡುತ್ತೇವೆ ಎಂದು ಎರಡೂ ವಾಡೆಗೆ ಹೇಳಿಕಳಿಸಿದರು. ಸ್ಪ್ರಿಂಗುಗಳು ಗಟ್ಟಿಮುಟ್ಟಾಗಿಯೇ ಇದ್ದವು. ಪ್ರತಿ ದಸರೆಯ ಮುಂದೆ ದೇಸಾಯರು ಒಬ್ಬೊಬ್ಬರೇ ಬಂದು ಕೇಳುತ್ತಿದ್ದರು, "ಸ್ಪ್ರಿಂಗ್ ಬಂತೇನ್ರಿ?" ಉಸ್ತಾದರು, "ಮುಂಬೈದ ಕೆಲಸ, ತಡಾ ಆಕ್ಕೈತ್ರಿ" ಎನ್ನುತ್ತಿದ್ದರು. ಬನ್ನಿಕಟ್ಟೆಯಲ್ಲಿ ಗುಂಡಿನ ಬದಲು ಪಟಾಕಿ ಹಾರತೊಡಗಿತು.

ಹೀಗೇ ವರ್ಷಗಳು ಹೋದವು. ಕೊನೆಗೆ ಮುಂಬೈ ರಾಜ್ಯವೇ ಹೋಯಿತು, ಸ್ಪ್ರಿಂಗ್ ಬರಲಿಲ್ಲ. ನಾವು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ ಇಬ್ಬರು ದೇಸಾಯರೂ ಒಂದೇ ಬಂಡಿಯಲ್ಲಿ ಪೇಟೆಗೆ ಬಂದಿದ್ದರು. ನಮ್ಮ ದುಕಾನಿನ ಮುಂದೆ ಇಳಿದರು.

"ಉಸ್ತಾದ, ಈಗ ನಾವು ಮುಂಬೈದವರಲ್ಲ. ಆ ಸ್ಪ್ರಿಂಗಿನ ಗತಿ ಏನ್ರಿ?" ಎಂದು ಮೇಲಿನವರು ಕೇಳಿದರು.

ಉಸ್ತಾದರು ಕೈಯಲ್ಲಿದ್ದ ಕೆಲಸದಿಂದ ತಲೆ ಎತ್ತಲಿಲ್ಲ. "ಇನ್ನ ಮೊದಲಿಂದ ಹಿಡಿದು ಮೈಸೂರಿಗೆ ಬರೀಬೇಕ್ರಿ ಧಣ್ಯಾರ. ಅವರು ನಮಗೂ ಹೊಸಬರು, ಎಷ್ಟು ವರ್ಷ ಹಿಡಿತೈತೋ ಏನೋ."

ಅಣ್ಣ ತಮ್ಮನ ಮುಖ ನೋಡಿದರು, ತಮ್ಮ ಅಣ್ಣನ ಮುಖ ನೋಡಿದರು. ಇಬ್ಬರೂ ಒಮ್ಮೆಲೇ, "ಅವಸರ ಏನಿಲ್ಲ ಬಿಡ್ರಿ" ಎಂದರು.